ಸೀರಿಯಲ್ ಬರೆದವರ ಹೆಸರು ಹೇಳಿ ನೋಡೋಣ

ಮೊನ್ನೆ ನಮ್ಮ ಹೋಬಳಿಯ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು ಮೈಕ್ ಹಿಡಿದು, "ಸೀರಿಯಲ್ ನೋಡಿ ನೋಡಿ ನಮ್ಮ ಹೆಣ್ಣುಮಕ್ಕಳು ಕೆಟ್ಟುಹೋದರು" ಅಂದರು. ಶಾಮಿಯಾನದ ಕೆಳಗಿದ್ದ ಗಂಡಸರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಸ್ವಸಹಾಯ ಸಂಘದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಆ ಭಾಷಣಕಾರರ ಮನೆಯಲ್ಲೂ ಸಂಜೆ ಏಳಕ್ಕೆ ಟಿವಿ ಹಾಕುತ್ತಾರೆ, ಅವರೂ ಊಟದ ತಟ್ಟೆ ಹಿಡಿದು ಅದರ ಮುಂದೆ ಕೂರುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತು.

ಈ ಮಾತು ನಮಗೆ ಕೇಳಿ ಕೇಳಿ ಸಾಕಾಗಿದೆ. ಹೊಲದಲ್ಲಿ ಕಳೆ ತೆಗೆದು, ದನಕ್ಕೆ ಹುಲ್ಲು ಹಾಕಿ, ಹಾಲು ಕರೆದು ಡೇರಿಗೆ ಹಾಕಿ, ಅಡುಗೆ ಮುಗಿಸಿದ ಹೆಂಗಸು ಅರ್ಧ ಗಂಟೆ ಕಾಲು ಚಾಚಿ ಕೂತರೆ ಅವಳು ಕೆಟ್ಟಳಂತೆ. ಅರಳಿಕಟ್ಟೆಯ ಮೇಲೆ ಮೂರು ಗಂಟೆ ಮೊಬೈಲ್ ಒತ್ತುವವರಿಗೆ ಯಾರೂ ಹಾಗೆ ಅನ್ನುವುದಿಲ್ಲ. ನೋಡುವವರನ್ನು ಬೈಯುವುದು ಸುಲಭ. ಬರೆಯುವವರು ಯಾರು, ಬರೆಸುವವರು ಯಾರು ಎಂದು ಕೇಳುವುದು ಕಷ್ಟ. ಆ ಕಷ್ಟದ ಪ್ರಶ್ನೆಯನ್ನೇ ನಾವು ಇವತ್ತು ಕೇಳುತ್ತಿದ್ದೇವೆ.

ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಮನೆಯಲ್ಲಿ ದಿನಾ ನೋಡುವ ಸೀರಿಯಲ್ಲಿನ ನಾಯಕಿಯ ಹೆಸರೇನು? ಹೇಳುತ್ತೀರಿ. ಅವಳ ಅತ್ತೆಯ ಹೆಸರು? ಅದೂ ಗೊತ್ತು. ಆ ಅತ್ತೆಯ ಬಾಯಿಗೆ ಮಾತು ಬರೆದವರ ಹೆಸರು? ನಮ್ಮೂರಿನ ಹತ್ತು ಮನೆಯಲ್ಲಿ ಕೇಳಿದೆವು. ಒಬ್ಬರೂ ಹೇಳಲಿಲ್ಲ. ಅದು ಅವರ ತಪ್ಪಲ್ಲ. ಹೆಸರುಗಳು ತೆರೆಯ ಮೇಲೆ ಓಡುವ ವೇಗಕ್ಕೆ ಕಣ್ಣು ಮಿಟುಕಿಸಿದರೆ ಮುಗಿಯಿತು. ಮೊಬೈಲ್ ಆ್ಯಪಿನಲ್ಲಾದರೆ ಅಷ್ಟು ಹೊತ್ತಿಗೆ "ಮುಂದಿನ ಕಂತು" ಶುರುವಾಗಿರುತ್ತದೆ.

ನಾಲ್ಕು ದಶಕದ ಹಿಂದೆ ಹೀಗಿರಲಿಲ್ಲ. ಇಂಡಿಯಾದ ಟಿವಿಯಲ್ಲಿ ದೊಡ್ಡ ಕುಟುಂಬ ಧಾರಾವಾಹಿ ಎನ್ನುವುದು ಶುರುವಾದಾಗ ಅದನ್ನು ಬರೆದವರಿಗೆ ಹೆಸರಿತ್ತು, ಮರ್ಯಾದೆ ಇತ್ತು. ಅವರು ಮನೋಹರ ಶ್ಯಾಮ ಜೋಶಿ. ಹಿಂದಿಯ ಲೇಖಕರು. ನಮ್ಮವರಲ್ಲ, ಕನ್ನಡದಲ್ಲಿ ಬರೆದವರಲ್ಲ. ಆದರೆ ಇವತ್ತು ನಮ್ಮ ಪಡಸಾಲೆಯಲ್ಲಿ ಓಡುವ ಸೀರಿಯಲ್‌ಗಳ ವಂಶವೃಕ್ಷ ಹುಡುಕಿದರೆ ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಅವರ ಕತೆ ಗೊತ್ತಿದ್ದರೆ, ಈಗ ನಮಗೆ ಸಿಗುತ್ತಿರುವುದರಲ್ಲಿ ಏನು ಕಡಿಮೆಯಾಗಿದೆ ಅನ್ನುವುದೂ ಗೊತ್ತಾಗುತ್ತದೆ.

ಜೋಶಿ ಹುಟ್ಟಿದ್ದು 1933ರ ಆಗಸ್ಟ್ 9ರಂದು, ರಾಜಸ್ಥಾನದ ಅಜ್ಮೇರಿನಲ್ಲಿ. ಮನೆತನ ಮಾತ್ರ ಹಿಮಾಲಯದ ಬುಡದ ಕುಮಾವೂಂ ಬೆಟ್ಟದ ಕಡೆಯದು. ಓದಿದ್ದು ಲಖನೌದಲ್ಲಿ. ಆಕಾಶವಾಣಿಯಲ್ಲಿ ಕೆಲಸ ಮಾಡಿದರು, ಸರ್ಕಾರದ ಫಿಲ್ಮ್ಸ್ ಡಿವಿಷನ್‌ನಲ್ಲಿ ದುಡಿದರು, ಪತ್ರಿಕೆ ಸೇರಿದರು. 'ಸಾಪ್ತಾಹಿಕ ಹಿಂದೂಸ್ತಾನ್' ಎಂಬ ಹಿಂದಿ ವಾರಪತ್ರಿಕೆಗೆ ಬಹಳ ವರ್ಷ ಸಂಪಾದಕರಾಗಿದ್ದರು. 1980ರಲ್ಲಿ 'ಕುರು ಕುರು ಸ್ವಾಹಾ', ಅದಾದ ಮೇಲೆ 'ಕಸಪ್' ಎಂಬ ಕಾದಂಬರಿಗಳು ಬಂದವು. 'ಕಸಪ್' ಕಾದಂಬರಿಯಲ್ಲಿ ತಮ್ಮ ಬೆಟ್ಟದ ಊರಿನ ಆಡುಮಾತನ್ನೇ ತಂದು ಹಾಕಿದರು. 2005ರಲ್ಲಿ 'ಕ್ಯಾಪ್' ಎಂಬ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮರುವರ್ಷ, 2006ರ ಮಾರ್ಚ್ 30ರಂದು, ದೆಹಲಿಯಲ್ಲಿ ತೀರಿಕೊಂಡರು.

ಅಂದರೆ ಸೀರಿಯಲ್ ಬರೆಯಲು ಕೂತಾಗ ಜೋಶಿಯವರಿಗೆ ಐವತ್ತು ದಾಟಿತ್ತು. ಊರು ಕಂಡಿದ್ದರು, ಕಚೇರಿ ಕಂಡಿದ್ದರು, ಸಾವಿರಾರು ಓದುಗರ ಪತ್ರ ಓದಿದ್ದರು. ಕೆಲಸ ಸಿಗದೆ ಸೀರಿಯಲ್ಲಿಗೆ ಬಂದವರಲ್ಲ.

ಅವರು ಬರೆದ ಮೊದಲ ಧಾರಾವಾಹಿ 'ಹಮ್ ಲೋಗ್'. ಅಂದರೆ 'ನಾವು ಜನ'. 1984ರ ಜುಲೈ 7ರಂದು ದೂರದರ್ಶನದಲ್ಲಿ ಶುರುವಾಯಿತು, 1985ರ ಡಿಸೆಂಬರ್ 17ಕ್ಕೆ ಮುಗಿಯಿತು. ಒಟ್ಟು 156 ಕಂತು. ಮುಗಿಯಿತು ಎಂಬ ಮಾತನ್ನು ಗಮನಿಸಿ. ಆ ಕತೆಗೆ ಒಂದು ಕೊನೆ ಇತ್ತು.

ಅದು ಹುಟ್ಟಿದ ಬಗೆಯೂ ತಿಳಿಯಬೇಕಾದದ್ದೇ. ಮೆಕ್ಸಿಕೊ ದೇಶದಲ್ಲಿ ಮಿಗೆಲ್ ಸಬಿಡೊ ಎಂಬವರು 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಜನ ಹೇಗೂ ಸೀರಿಯಲ್ ನೋಡುತ್ತಾರೆ, ಅದರೊಳಗೇ ವಯಸ್ಕರ ಶಿಕ್ಷಣ, ಕುಟುಂಬ ಯೋಜನೆಯ ವಿಚಾರ ಸೇರಿಸಿದರೆ ಹೇಗೆ ಎಂದು ಬರೆಸಿ ತೋರಿಸಿದರು. ಜನ ನೋಡಿದರು, ರಾತ್ರಿ ಶಾಲೆಗಳಿಗೆ ಹೆಸರು ಬರೆಸಿದರು. ಇದು ನಮ್ಮ ದೇಶದ ವಾರ್ತಾ ಮತ್ತು ಪ್ರಸಾರ ಇಲಾಖೆಯವರ ಕಿವಿಗೆ ಬಿತ್ತು. ಅಂಥದ್ದೊಂದನ್ನು ಇಲ್ಲೂ ಮಾಡೋಣ ಎಂದು ಹೊರಟಾಗ ಬರೆಯುವ ಕೆಲಸ ಜೋಶಿಯವರ ಪಾಲಿಗೆ ಬಂತು. ನಿರ್ದೇಶನ ಪಿ. ಕುಮಾರ್ ವಾಸುದೇವ್ ಅವರದು.

ಕತೆ ಒಂದು ಕೆಳ ಮಧ್ಯಮ ವರ್ಗದ ಮನೆಯದು. ಕುಡುಕ ಅಪ್ಪ ಬಸೇಸರ್ ರಾಮ್. ಎಲ್ಲವನ್ನೂ ನುಂಗಿಕೊಳ್ಳುವ ಅಮ್ಮ ಭಾಗವಂತಿ. ಅಜ್ಜ, ಅಜ್ಜಿ. ಕೆಲಸ ಸಿಗದ ದೊಡ್ಡ ಮಗ ಲಲ್ಲೂ, ಕ್ರಿಕೆಟ್ ಹುಚ್ಚಿನ ಚಿಕ್ಕ ಮಗ ನನ್ಹೇ. ಮದುವೆಯಾಗದ ದೊಡ್ಡ ಮಗಳು ಬಡ್ಕಿ, ಸಿನಿಮಾ ಸೇರಲು ಬೊಂಬಾಯಿಗೆ ಓಡಿಹೋಗಿ ಮೋಸಹೋಗುವ ಮಝಲಿ, ಡಾಕ್ಟರ್ ಆಗಬೇಕೆನ್ನುವ ಛುಟ್ಕಿ. ಬಾಡಿಗೆ, ಸಾಲ, ವರದಕ್ಷಿಣೆ, ಕೆಲಸದ ಅರ್ಜಿ, ಇವೇ ಅವರ ಸಮಸ್ಯೆಗಳು. ಆ ಮನೆಯಲ್ಲಿ ಹೆಲಿಕಾಪ್ಟರ್ ಇರಲಿಲ್ಲ. ಮಲಗುವಾಗಲೂ ಒಡವೆ ಹಾಕಿಕೊಳ್ಳುವ ಸೊಸೆ ಇರಲಿಲ್ಲ.

ಶುರುವಿನಲ್ಲಿ ಅದು ಸೋಲುವಂತಿತ್ತು. ಮೊದಲ ಹದಿಮೂರು ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶ ಜಾಸ್ತಿಯಾಗಿತ್ತು. ನೋಡುವವರಿಗೆ ಬೇಸರ ಬಂತು. ಆರೋಗ್ಯ ಇಲಾಖೆಯ ಗೋಡೆಬರಹವನ್ನು ಪಾತ್ರಗಳು ಓದಿದ ಹಾಗೆ ಕೇಳಿಸಿದರೆ ಯಾರು ತಾನೇ ಕೂರುತ್ತಾರೆ? ಜೋಶಿ ಅದನ್ನು ಅರ್ಥ ಮಾಡಿಕೊಂಡರು. ಉಪದೇಶ ತಗ್ಗಿಸಿದರು, ಮನೆಯೊಳಗಿನ ಜಗಳ, ಆಸೆ, ಮುನಿಸುಗಳನ್ನು ಮುಂದಕ್ಕೆ ತಂದರು. ಹೆಣ್ಣಿನ ಸ್ಥಾನಮಾನ, ವರದಕ್ಷಿಣೆ, ಕುಡಿತದ ವಿಚಾರಗಳನ್ನು ಬಿಡಲಿಲ್ಲ. ಅವುಗಳನ್ನು ಪಾತ್ರಗಳ ಬದುಕಿನೊಳಗೆ ಇಳಿಸಿದರು. ಆಮೇಲೆ ನೋಡಿ, ಹಮ್ ಲೋಗ್ ಹೊತ್ತಿಗೆ ಉತ್ತರ ಇಂಡಿಯಾದ ಬೀದಿಗಳು ಖಾಲಿ.

ಟಿಆರ್‌ಪಿ ಎಂದು ಇವತ್ತು ಹೆದರಿಸುವವರಿಗೆ ನಾವು ಇದನ್ನೇ ನೆನಪಿಸಬೇಕು. ಜನಕ್ಕೆ ಬೇಸರವಾಯಿತು ಎಂದ ಕೂಡಲೇ ಜೋಶಿ ವಿಷಯ ಬಿಟ್ಟು ವಿಷದ ಬಾಟಲಿ ಹಿಡಿಯಲಿಲ್ಲ. ಹೇಳುವ ರೀತಿ ಬದಲಿಸಿದರು. ಜನರ ರುಚಿಗೆ ಬಗ್ಗುವುದಕ್ಕೂ ಜನರನ್ನು ದಡ್ಡರೆಂದು ತಿಳಿಯುವುದಕ್ಕೂ ಎಷ್ಟು ದೂರವಿದೆ ಅನ್ನುವುದು ಅವರಿಗೆ ಗೊತ್ತಿತ್ತು.

ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರ್ ಬಂದು, ಈ ಹೊತ್ತು ನೋಡಿದ್ದರ ಬಗ್ಗೆ ನೀವೇನು ಅಂತೀರಿ ಎಂದು ಮನೆಯ ಹಿರಿಯರ ಹಾಗೆ ಮಾತಾಡುತ್ತಿದ್ದರು. ಜನ ಪತ್ರ ಬರೆದರು. ನಾಲ್ಕು ಲಕ್ಷದಷ್ಟು ಪತ್ರ ಬಂದವು ಎಂದು ಅದನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಸುಷ್ಮಾ ಸೇಠ್ ಮಾಡಿದ ಅಜ್ಜಿ ಪಾತ್ರ ಬೇಗ ಸಾಯಬೇಕಿತ್ತು. ಜನ ಅಜ್ಜಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ಅವಳ ಆಯಸ್ಸು ಹೆಚ್ಚಾಯಿತು. ಬರೆಯುವವರಿಗೂ ನೋಡುವವರಿಗೂ ನಡುವೆ ಅಂಚೆಯಣ್ಣ ಒಬ್ಬನೇ ಇದ್ದ.

ಜೋಶಿ ಬರೆದದ್ದೆಲ್ಲ ಬಂಗಾರ ಎಂದು ನಾವು ಹೇಳುತ್ತಿಲ್ಲ. ಭಾಗವಂತಿಯ ಪಾತ್ರ ನೋಡಿ. ಎಲ್ಲ ಸಹಿಸಿಕೊಂಡರೆ ಹೆಣ್ಣಿನ ಗತಿ ಏನಾಗುತ್ತದೆ ಎಂದು ತೋರಿಸಲು ಆ ಪಾತ್ರ ಇಟ್ಟಿದ್ದರು. ಆದರೆ ನೋಡಿದವರಲ್ಲಿ ಬಹಳ ಜನ, ಅದರಲ್ಲೂ ಹೆಂಗಸರು, ಅವಳನ್ನೇ ಆದರ್ಶ ತಾಯಿ ಎಂದುಕೊಂಡರು. ಅಧ್ಯಯನ ಮಾಡಿದವರೇ ಇದನ್ನು ದಾಖಲಿಸಿದ್ದಾರೆ. ಬರೆದವರು ಒಂದು ನೆನೆದರೆ ಮನೆಯಲ್ಲಿ ಇನ್ನೊಂದು ನಡೆಯಿತು. ಮುಂದೆ ಬಂದ ಚಾನೆಲ್‌ಗಳು ಈ ಪಾಠವನ್ನು ತಮಗೆ ಬೇಕಾದಂತೆ ಕಲಿತವು. ಅಳುವ ಅಮ್ಮನನ್ನು ಜನ ಪ್ರೀತಿಸುತ್ತಾರೆ, ಹಾಗಿದ್ದರೆ ಅಳಿಸುತ್ತಲೇ ಇರೋಣ ಎಂದು ತೀರ್ಮಾನಿಸಿದವು. ಇವತ್ತಿನ ನಮ್ಮ ಸೀರಿಯಲ್ ನಾಯಕಿಯರಲ್ಲಿ ಮುಕ್ಕಾಲು ಪಾಲು ಭಾಗವಂತಿಯ ಮೊಮ್ಮಕ್ಕಳು.

ದುಡ್ಡಿನ ವಿಚಾರವನ್ನೂ ಮುಚ್ಚಿಡುವುದು ಬೇಡ. ಹಮ್ ಲೋಗ್ ಸರ್ಕಾರದ ಉದ್ದೇಶಕ್ಕೆ ಹುಟ್ಟಿದರೂ ಅದರ ಪ್ರಾಯೋಜಕತ್ವ ಮ್ಯಾಗಿ ನೂಡಲ್ಸ್ ಮಾರುವ ಕಂಪನಿಯದು. ಎರಡು ನಿಮಿಷದ ನೂಡಲ್ಸ್ ನಮ್ಮ ದೇಶದ ಅಡುಗೆಮನೆಗೆ ಹೊಕ್ಕಿದ್ದರಲ್ಲಿ ಈ ಧಾರಾವಾಹಿಯ ಪಾಲು ದೊಡ್ಡದು. ಆ ಲಾಭ ನೋಡಿ ಬೇರೆ ಕಂಪನಿಗಳು ಸಾಲುಗಟ್ಟಿದವು. ಒಳ್ಳೆಯ ಕತೆ ಹೇಳಲು ತೆರೆದ ಬಾಗಿಲಲ್ಲೇ ಜಾಹೀರಾತಿನ ಎತ್ತೂ ನುಗ್ಗಿತು. ಆದರೆ ಆಗ ಮೂಗುದಾರ ಹಿಡಿಯುವವರು ಒಬ್ಬರಿದ್ದರು. ಕತೆ ಎತ್ತ ಹೋಗಬೇಕೆಂದು ಹೇಳುವ ಬರಹಗಾರ ಇದ್ದ, ಕೇಳುವ ಸಾರ್ವಜನಿಕ ಸಂಸ್ಥೆ ಇತ್ತು.

ಜೋಶಿ ಅಲ್ಲಿಗೆ ನಿಲ್ಲಲಿಲ್ಲ. 1986ರಲ್ಲಿ ರಮೇಶ್ ಸಿಪ್ಪಿಯವರಿಗಾಗಿ 'ಬುನಿಯಾದ್' ಬರೆದರು. ದೇಶ ವಿಭಜನೆಯಾದಾಗ ಲಾಹೋರಿನಿಂದ ಕಿತ್ತುಬಂದ ಒಂದು ಮನೆತನದ ಕತೆ. ಮಾಸ್ಟರ್ ಹವೇಲಿರಾಮ್, ಅವರ ಹೆಂಡತಿ ಲಾಜೋ. ಆ ಗಾಯ ಇನ್ನೂ ಮಾಯದ ಕಾಲ. ಸೀರಿಯಲ್ ಅಂದರೆ ಅತ್ತೆ ಸೊಸೆ ಜಗಳ ಎನ್ನುವವರು ಈ ಒಂದು ಹೆಸರು ನೆನಪಿಟ್ಟುಕೊಂಡರೆ ಸಾಕು. 'ಕಕ್ಕಾಜಿ ಕಹಿನ್'ನಲ್ಲಿ ರಾಜಕಾರಣಿಗಳನ್ನು ಗೇಲಿ ಮಾಡಿದರು, ಆ ಪಾತ್ರ ಮಾಡಿದ್ದು ಓಂ ಪುರಿ. 'ಮುಂಗೇರಿಲಾಲ್ ಕೆ ಹಸೀನ್ ಸಪ್ನೇ'ಯಲ್ಲಿ ಹಗಲುಗನಸಿನ ಗುಮಾಸ್ತನೊಬ್ಬನನ್ನು ತಂದು ನಗಿಸಿದರು. 1992ರಲ್ಲಿ ಬಂದ 'ಹಮ್ ರಾಹಿ'ಯಲ್ಲಿ ಅಂಗೂರಿ ಎಂಬ ಹುಡುಗಿ ಇದ್ದಳು. ಚಿಕ್ಕ ವಯಸ್ಸಿಗೇ ಮದುವೆ ಮಾಡುತ್ತಾರೆ, ಹೆರಿಗೆಯಲ್ಲಿ ಸಾಯುತ್ತಾಳೆ.

ಅಂಗೂರಿಯ ಸಾವನ್ನು ಬರೆದ ಕೈಯನ್ನೂ, ಈಗ ನಾವು ನೋಡುತ್ತಿರುವುದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಸೀರಿಯಲ್‌ಗಳಲ್ಲಿ ನಾಯಕ ಬಲವಂತವಾಗಿ ತಾಳಿ ಕಟ್ಟುತ್ತಾನೆ, ಎಷ್ಟು ಕಡೆ ಮೋಸದಿಂದ ಕಟ್ಟುತ್ತಾನೆ, ಎಷ್ಟು ಕಡೆ "ಆಕಸ್ಮಿಕ"ವಾಗಿ ಕಟ್ಟುತ್ತಾನೆ, ಲೆಕ್ಕ ಹಾಕಿ. ನೂರು ಕಂತು ಕಳೆಯುವುದರೊಳಗೆ ಅದೇ ಹುಡುಗಿ ಅದೇ ತಾಳಿಯನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ, ಹಿನ್ನೆಲೆಯಲ್ಲಿ ಕೊಳಲು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ನೋಡುವವರಿಗೆ ಅದು ಬರೀ ಕತೆ ಇರಬಹುದು. ಹತ್ತನೇ ಕ್ಲಾಸು ಮುಗಿಯುವ ಮುಂಚೆಯೇ ಹುಡುಗಿಗೆ ಗಂಡು ನೋಡುವ ಊರುಗಳಲ್ಲಿ ನಾವಿದ್ದೇವೆ. ನಮ್ಮ ಪಾಲಿಗೆ ಅದು ಬರೀ ಕತೆಯಲ್ಲ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಕಾನೂನು ತಿದ್ದಿ ವರ್ಷಗಳಾದವು. "ತಾಳಿ ಕಟ್ಟಿಬಿಟ್ಟರೆ ಆಯ್ತು, ಹೊಂದಿಕೊಳ್ಳುತ್ತಾಳೆ" ಎಂಬ ಮಾತು ಮಾತ್ರ ಅರಳಿಕಟ್ಟೆಯಿಂದ ಎದ್ದು ಟಿವಿಯೊಳಗೆ ಹೋಗಿ ಕೂತಿದೆ.

"ಅಯ್ಯೋ, ಸೀರಿಯಲ್ ನೋಡಿ ಯಾರು ಬದಲಾಗುತ್ತಾರೆ?" ಎನ್ನುವವರಿದ್ದಾರೆ. ಬದಲಾಗುತ್ತಾರೆ. ರಾಬರ್ಟ್ ಜೆನ್ಸನ್, ಎಮಿಲಿ ಆಸ್ಟರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬಿಹಾರ, ಗೋವಾ, ಹರಿಯಾಣ, ತಮಿಳುನಾಡಿನ ಹಳ್ಳಿಗಳಲ್ಲಿ 2001ರಿಂದ 2003ರವರೆಗೆ ಮನೆಮನೆ ಸಮೀಕ್ಷೆಯ ಲೆಕ್ಕ ಹಿಡಿದು ನೋಡಿದರು. ಕೇಬಲ್ ಟಿವಿ ಬಂದ ಹಳ್ಳಿಗಳಲ್ಲಿ, ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾದರು, ಗಂಡುಮಗುವೇ ಬೇಕು ಎನ್ನುವುದು ಕಡಿಮೆಯಾಯಿತು, ಮನೆಯ ತೀರ್ಮಾನಗಳಲ್ಲಿ ಹೆಂಗಸರ ಮಾತು ಹೆಚ್ಚಾಯಿತು. ಟಿವಿಯಲ್ಲಿ ಬೇರೆ ಥರ ಬದುಕುವ ಹೆಂಗಸರನ್ನು ಕಂಡದ್ದೂ ಇದಕ್ಕೆ ಕಾರಣವಿರಬಹುದು ಎಂದು ಅವರು ಬರೆದರು. ಶಾಮಿಯಾನದ ಭಾಷಣಕಾರರಿಗೆ ಇದೇ ನಮ್ಮ ಉತ್ತರ. ಟಿವಿ ನೋಡಿ ಹೆಣ್ಣುಮಕ್ಕಳು ಕೆಡಲಿಲ್ಲ, ತಲೆ ಎತ್ತಿದರು. ನಿಮಗೆ ಕೋಪ ಬಂದಿರುವುದು ಅದಕ್ಕೇ ಇದ್ದರೂ ಇರಬಹುದು.

ಇನ್ನೊಂದು ಉದಾಹರಣೆ. 1996–97ರಲ್ಲಿ ಆಕಾಶವಾಣಿಯಲ್ಲಿ 'ತಿನ್ಕಾ ತಿನ್ಕಾ ಸುಖ್' ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. ಇದು ಜೋಶಿಯವರದಲ್ಲ, ಆದರೆ ಅದೇ ಮೆಕ್ಸಿಕೊ ದಾರಿಯಲ್ಲಿ ನಡೆದದ್ದು. ಉತ್ತರ ಪ್ರದೇಶದ ಲುತ್ಸಾನ್ ಎಂಬ ಹಳ್ಳಿಯ ಜನ ಅದನ್ನು ಕೇಳಿ, ಇನ್ನು ಮುಂದೆ ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ದೊಡ್ಡ ಹಾಳೆಯ ಮೇಲೆ ಬರೆದರು. ನೂರಕ್ಕೂ ಹೆಚ್ಚು ಜನ ಸಹಿ, ಹೆಬ್ಬೆಟ್ಟು ಹಾಕಿ ಆಕಾಶವಾಣಿಗೆ ಕಳಿಸಿದರು. ಅಲ್ಲಿ ವರದಕ್ಷಿಣೆ ಪೂರ್ತಿ ನಿಂತಿತು ಎಂದು ನಾವು ಹೇಳುವುದಿಲ್ಲ. ಒಂದು ಹಳ್ಳಿ ಕೂತು ಕೇಳಿತು, ಮಾತಾಡಿತು, ಬರೆಯಿತು. ಅಷ್ಟು ಮಾಡಿಸಿದ್ದೂ ಒಂದು ಧಾರಾವಾಹಿಯೇ.

ಇಷ್ಟು ಶಕ್ತಿ ಇರುವ ಲೇಖನಿ ಇವತ್ತು ಯಾರ ಕೈಯಲ್ಲಿದೆ? ಸುಮ್ಮನೆ ಬರಹಗಾರರನ್ನು ಬೈದು ಮುಗಿಸುವುದು ನಮಗೆ ಇಷ್ಟವಿಲ್ಲ. ನಮ್ಮ ಗುಂಪಿನವರೇ ಒಬ್ಬರು ಕೆಲವು ತಿಂಗಳು ಒಂದು ಸೀರಿಯಲ್ಲಿಗೆ ಸಂಭಾಷಣೆ ಬರೆಯಲು ಹೋಗಿದ್ದರು. ಅವರು ಹೇಳಿದ್ದು ಇಷ್ಟು. ಕತೆ ಒಬ್ಬರದು, ಚಿತ್ರಕತೆ ಇನ್ನೊಬ್ಬರದು, ಮಾತು ಮತ್ತೊಬ್ಬರದು. ಕತೆ ಎತ್ತ ತಿರುಗಬೇಕೆಂದು ಚಾನೆಲ್ಲಿನವರು ಮೊದಲೇ ಗೆರೆ ಎಳೆದಿರುತ್ತಾರೆ. ನಾಳೆ ಬೆಳಿಗ್ಗೆ ಶೂಟಿಂಗ್, ಇವತ್ತು ರಾತ್ರಿ ದೃಶ್ಯ ಕೇಳುತ್ತಾರೆ. ಕೆಲವೊಮ್ಮೆ ನಟರು ಮೇಕಪ್ಪಿಗೆ ಕೂತಿರುವಾಗ ವಾಟ್ಸಾಪಿನಲ್ಲಿ ಮಾತು ಕಳಿಸಿದ್ದೂ ಇದೆ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕ ಇಳಿದಿದ್ದರೆ ಸಂಜೆಯೊಳಗೆ ಒಂದು ಅಪಘಾತ, ಒಂದು ಅಪಹರಣ, ಇಲ್ಲವೇ ಸತ್ತವಳು ಎದ್ದುಬರಬೇಕು. ಕಂತಿಗಿಷ್ಟು ಎಂದು ಕೂಲಿ, ಅದೂ ತಡ.

ಅವರು ಒಮ್ಮೆ ನಾಯಕಿ ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋಗಿ, ಫ್ಯಾಟ್ ಕಡಿಮೆ ಬಂತೆಂದು ಸೆಕ್ರೆಟರಿ ಜೊತೆ ಜಗಳ ಮಾಡುವ ದೃಶ್ಯ ಬರೆದರಂತೆ. "ಚೆನ್ನಾಗಿದೆ, ಆದ್ರೆ ಇದ್ರಲ್ಲಿ ಎಮೋಷನ್ ಎಲ್ಲಿದೆ?" ಎಂದು ತೆಗೆದುಹಾಕಿದರು. ಹಾಲಿನ ದುಡ್ಡಲ್ಲಿ ಸಂಘದ ಸಾಲದ ಕಂತು ಕಟ್ಟುವ ಹೆಂಗಸಿಗೆ ಅದರಲ್ಲಿ ಎಷ್ಟು ಎಮೋಷನ್ ಇದೆ ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಜಾಗಕ್ಕೆ ಹಾಲಿನ ಲೋಟದಲ್ಲಿ ನಿದ್ದೆ ಮಾತ್ರೆ ಬೆರೆಸುವ ದೃಶ್ಯ ಬಂತು.

"ಜನ ಕೇಳಿದ್ದನ್ನು ಕೊಡುತ್ತಿದ್ದೇವೆ" ಎನ್ನುತ್ತಾರೆ. ಯಾವ ಜನ ಸ್ವಾಮಿ? ಟಿಆರ್‌ಪಿ ಲೆಕ್ಕ ಶುರುವಾಗಿ ಎಷ್ಟೋ ವರ್ಷ ಹಳ್ಳಿಯ ಮನೆಗಳನ್ನು ಎಣಿಕೆಗೇ ಸೇರಿಸಿರಲಿಲ್ಲ. ಪೇಟೆಯ ಮನೆಗಳಲ್ಲಿ ಮೀಟರ್ ಇಟ್ಟು, ಅದನ್ನೇ ದೇಶದ ರುಚಿ ಎಂದು ಜಾಹೀರಾತು ಮಾರಿದರು. ಬಾರ್ಕ್ ಎಂಬ ಈಗಿನ ಸಂಸ್ಥೆ ಬಂದು, 2015ರ ಅಕ್ಟೋಬರಿನಲ್ಲಷ್ಟೇ ಗ್ರಾಮೀಣ ಮನೆಗಳ ಲೆಕ್ಕ ಹೊರಬಂತು. ಅಷ್ಟರೊಳಗೆ ಸೀರಿಯಲ್ ಅಂದರೆ ಬಂಗಲೆ, ಬಂಗಲೆ ಅಂದರೆ ಮೆಟ್ಟಿಲು, ಮೆಟ್ಟಿಲು ಅಂದರೆ ಅಲ್ಲಿ ಎಣ್ಣೆ ಚೆಲ್ಲುವ ಅತ್ತಿಗೆ ಎಂಬ ಅಚ್ಚು ಗಟ್ಟಿಯಾಗಿತ್ತು. ನಮ್ಮನ್ನು ಕೇಳದೆ ಮಾಡಿದ ಅಡುಗೆಯನ್ನು ನಮಗೇ ಬಡಿಸಿ, ನೀವೇ ಕೇಳಿದ್ದಲ್ಲವೇ ಅಂದರೆ ಹೇಗೆ?

ಈಚೆಗೆ ಹಳ್ಳಿಯ ಕತೆ ಎಂದು ಕೆಲವು ಬಂದಿವೆ. ಒಂದೆರಡು ಚೆನ್ನಾಗಿಯೂ ಇವೆ. ಉಳಿದವುಗಳಲ್ಲಿ ಹಳ್ಳಿ ಅಂದರೆ ಗೌಡರ ತೊಟ್ಟಿಮನೆ, ಜಾತ್ರೆ, ಬುಲೆಟ್ ಬೈಕು. ಆ ಊರಲ್ಲಿ ಯಾರೂ ಬೆಳೆವಿಮೆಗೆ ಅಲೆಯುವುದಿಲ್ಲ, ನರೇಗಾ ಕೂಲಿಗೆ ಕಾಯುವುದಿಲ್ಲ, ಬೋರ್‌ವೆಲ್ ಬತ್ತುವುದಿಲ್ಲ. ಮೈಕ್ರೊಫೈನಾನ್ಸಿನವರು ಬಾಗಿಲಿಗೆ ಬಂದು ಕೂರುವುದಿಲ್ಲ. ನಮ್ಮ ಕಡೆಯ ಮಾತು ಆಡುವವರು ಒಂದೋ ಹಾಸ್ಯದ ಪಾತ್ರ, ಇಲ್ಲವೇ ಕೆಲಸದವರು. ಜೋಶಿ ಹಮ್ ಲೋಗ್ ಅಜ್ಜಿಯ ಬಾಯಲ್ಲಿ ಮನೆಮಾತಿನ ಹಿಂದಿ ಆಡಿಸಿದರು, ಇಡೀ ದೇಶ ಆ ಅಜ್ಜಿಯನ್ನು ತನ್ನ ಅಜ್ಜಿ ಅಂದಿತು.

ಕನ್ನಡದಲ್ಲಿ ಇದು ಆಗುವುದಿಲ್ಲ ಎನ್ನುವವರಿಗೆ ಟಿ.ಎನ್. ಸೀತಾರಾಂ ಅವರ ಹೆಸರು ಹೇಳಿದರೆ ಸಾಕು. ನಾಟಕ ಬರೆದವರು, ವಕೀಲಿಕೆ ಗೊತ್ತಿದ್ದವರು. ದೂರದರ್ಶನದಲ್ಲಿ 'ಮಾಯಾಮೃಗ' ಬಂದಾಗ ಮನೆಗಳಲ್ಲಿ ಸಂಜೆಯ ಕಾಫಿ ಅದರ ಹೊತ್ತಿಗೇ ಆಗುತ್ತಿತ್ತು. ಆಮೇಲೆ 'ಮನ್ವಂತರ', 'ಮುಕ್ತ', 'ಮಗಳು ಜಾನಕಿ'. ಅವರ ಸೀರಿಯಲ್ಲಿನಲ್ಲಿ ಜನ ಕೋರ್ಟಿನಲ್ಲಿ ವಾದ ಮಾಡುತ್ತಿದ್ದರು, ರಾಜಕೀಯ ಮಾತಾಡುತ್ತಿದ್ದರು, ಕೆಲಸಕ್ಕೆ ಹೋಗುತ್ತಿದ್ದರು. ಜನ ಅದನ್ನು "ಸೀತಾರಾಂ ಸೀರಿಯಲ್" ಎಂದೇ ಕರೆದರು. ಬರೆದವರ ಹೆಸರಿನಿಂದ ಕರೆಯುವಷ್ಟು ಮರ್ಯಾದೆ ನೋಡುಗರೇ ಕೊಟ್ಟರು. ನಮ್ಮ ಅವ್ವಂದಿರು ಅದನ್ನು ನೋಡಿದರು, ಅರ್ಥವಾಗದ್ದನ್ನು ಕೇಳಿ ತಿಳಿದುಕೊಂಡರು. ಅವರಿಗೆ ತಲೆ ಇಲ್ಲ ಎಂದು ತೀರ್ಮಾನ ಮಾಡಿದವರು ಯಾರು?

ಅದಕ್ಕೇ ನಮ್ಮ ಬೇಡಿಕೆಗಳನ್ನು ಇಲ್ಲಿ ಬರೆಯುತ್ತೇವೆ.

ಒಂದು, ಬರೆದವರ ಹೆಸರು ಕಂತಿನ ಶುರುವಿನಲ್ಲೇ ಓದುವಷ್ಟು ಹೊತ್ತು ಬರಲಿ. ಕತೆ ಯಾರದು, ಮಾತು ಯಾರದು, ಬೇರೆ ಭಾಷೆಯಿಂದ ತಂದದ್ದಾದರೆ ಮೂಲ ಯಾರದು, ಎಲ್ಲ ತಿಳಿಯಲಿ. ಹೆಸರು ಗೊತ್ತಾದರೆ ಹೊಗಳಬಹುದು, ಜಗಳವನ್ನೂ ಆಡಬಹುದು. ಹೆಸರಿದ್ದವರಿಗೆ ನಾಚಿಕೆ ಇರುತ್ತದೆ.

ಎರಡು, ಕತೆಗೆ ಕೊನೆ ಇರಲಿ. 156 ಕಂತಿನಲ್ಲಿ ಜೋಶಿ ಒಂದು ಇಡೀ ಮನೆತನದ ಬದುಕು ಹೇಳಿ ಮುಗಿಸಿದರು. ಈಗ ಅಷ್ಟು ಕಂತಿನಲ್ಲಿ ನಾಯಕಿಯ ಸೀಮಂತವೂ ಮುಗಿಯುವುದಿಲ್ಲ. ಹಾಲಿಗೆ ನೀರು ಬೆರೆಸಿದರೆ ಡೇರಿಯಲ್ಲಿ ವಾಪಸ್ ಕಳಿಸುತ್ತಾರೆ, ಕತೆಗೆ ನೀರು ಬೆರೆಸಿದರೂ ಹೇಳುವವರಿಲ್ಲ.

ಮೂರು, ಬರಹಗಾರರಿಗೆ ಸರಿಯಾದ ಕೂಲಿ ಸರಿಯಾದ ಹೊತ್ತಿಗೆ ಸಿಗಲಿ, ಯೋಚಿಸಲು ದಿನ ಸಿಗಲಿ. ಜೋಶಿ ತಾವು ಕಲಿತದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ, ಹೊಸಬರಿಗಾಗಿ ಚಿತ್ರಕತೆ ಬರೆಯುವುದು ಹೇಗೆ ಎಂದು ಹಿಂದಿಯಲ್ಲಿ ಒಂದು ಪುಸ್ತಕವನ್ನೇ ಬರೆದಿಟ್ಟರು. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳಲ್ಲಿ ಧಾರಾವಾಹಿ ಬರವಣಿಗೆಯನ್ನು ಒಂದು ಪಾಠವಾಗಿ ಮನಸ್ಸಿಟ್ಟು ಕಲಿಸಲಿ. ನಾವು ಓದುವಾಗ ಸೀರಿಯಲ್ ಎಂದರೆ ನಗುತ್ತಿದ್ದರು, ನಾವೂ ನಕ್ಕೆವು. ಆ ನಗುವಿನಲ್ಲಿ ನಮ್ಮದೂ ತಪ್ಪಿದೆ. ನಾವು ಬಿಟ್ಟುಕೊಟ್ಟ ಜಾಗದಲ್ಲಿ ಯಾರೋ ಕೂತರು.

ನಾಲ್ಕು, ಚಂದನ ವಾಹಿನಿ ನಮ್ಮ ತೆರಿಗೆ ದುಡ್ಡಿನದು. ಟಿಆರ್‌ಪಿ ಹಿಂದೆ ಓಡುವ ಗತಿ ಅದಕ್ಕಿಲ್ಲ. ಉತ್ತರ ಕರ್ನಾಟಕದಿಂದ, ಮಲೆನಾಡಿನಿಂದ, ಬಯಲುಸೀಮೆಯಿಂದ, ಕರಾವಳಿಯಿಂದ ಒಬ್ಬೊಬ್ಬ ಬರಹಗಾರರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕರೆದು ನೂರು ನೂರು ಕಂತಿನ ಕತೆ ಬರೆಸಲಿ. 1984ರಲ್ಲಿ ಒಂದು ಸರ್ಕಾರಿ ವಾಹಿನಿ ಮಾಡಿದ ಕೆಲಸ ಈಗ ಆಗುವುದಿಲ್ಲ ಎಂದರೆ ನಾವು ನಂಬುವುದಿಲ್ಲ.

ಐದನೆಯದು ನಮಗೆ ನಾವೇ ಹೇಳಿಕೊಳ್ಳುವುದು. ಆ ನಾಲ್ಕು ಲಕ್ಷ ಪತ್ರ ಬರೆದವರು ನಮ್ಮಂಥವರೇ, ಅಂಚೆ ಕಚೇರಿಗೆ ನಡೆದುಹೋಗಿ ಇನ್‌ಲ್ಯಾಂಡ್ ಲೆಟರ್ ತಂದು ಬರೆದವರು. ನಮ್ಮ ಕೈಯಲ್ಲಿ ಮೊಬೈಲ್ ಇದೆ. ಚಾನೆಲ್ಲಿನ ಪ್ರೋಮೊ ಕೆಳಗೆ ನಾಯಕಿಯ ಸೀರೆ ಚೆನ್ನಾಗಿದೆ ಎಂದು ಬರೆಯುತ್ತೇವೆ. ಬಲವಂತದ ತಾಳಿ ಕಟ್ಟಿಸಿದ ದಿನ, "ಇದು ಪ್ರೀತಿಯಲ್ಲ, ಅಪರಾಧ, ಇದನ್ನು ಬರೆದವರು ಯಾರು?" ಎಂದು ಅದೇ ಜಾಗದಲ್ಲಿ ಬರೆಯೋಣ. ಒಂದು ಸಂಘದ ಇಪ್ಪತ್ತು ಹೆಂಗಸರು ಒಂದೇ ಸಂಜೆ ಬರೆದರೂ ಗುರುವಾರದ ಕೋಣೆಯಲ್ಲಿ ಯಾರಾದರೂ ಓದಿಯೇ ಓದುತ್ತಾರೆ. ಚೆನ್ನಾಗಿ ಬರೆದಿದ್ದರೆ ಅದನ್ನೂ ಹೇಳೋಣ. ಆ ಮಾತಿಗಾಗಿ ಕಾಯುತ್ತಿರುವ ಬರಹಗಾರರೂ ಆ ಕಡೆ ಇದ್ದಾರೆ.

ಇವತ್ತು ಸಂಜೆ ಸೀರಿಯಲ್ ಮುಗಿದಾಗ ರಿಮೋಟ್ ಕೆಳಗಿಡಿ, ಹೆಸರುಗಳು ಬರುವವರೆಗೆ ಕಾಯಿರಿ. ಬರೆದವರ ಹೆಸರು ಓದಲು ಸಿಕ್ಕಿದರೆ, ಸೀರಿಯಲ್ಲಿನ ಹೆಸರಿನೊಂದಿಗೆ ನಮಗೆ ಕಳಿಸಿ. ಸಿಗದಿದ್ದರೆ ಅದನ್ನೂ ಬರೆದು ಕಳಿಸಿ. ಕನ್ನಡದ ಯಾವ ಸೀರಿಯಲ್ ಯಾರು ಬರೆದದ್ದು ಎಂಬ ಪಟ್ಟಿಯನ್ನು ಇಲ್ಲೇ, ಇದೇ ಜಾಗದಲ್ಲಿ, ನಾವು ಹಾಕುತ್ತಾ ಹೋಗುತ್ತೇವೆ. ಹೆಸರು ಸಿಗದವುಗಳ ಪಟ್ಟಿಯೂ ಪಕ್ಕದಲ್ಲೇ ಇರುತ್ತದೆ.